ಬೀಗದಂಗಡಿ ಸಾವ್ಕಾರರ ಕಾರು

ಜನ್ಮವೆಲ್ಲ ಬೀಗ ಮಾರಿದ ಮನುಷ್ಯ ಬೀಗದ ಕೈಯೇ ಬೇಡದ ಕಾರು ತಂದರೆ ದಾವಣಗೆರೆಯ ಮಂಡಿಪೇಟೆ ಸುಮ್ಮನಿದ್ದೀತೇ? ಇರಲಿಲ್ಲ. ಕರಿಬಸವರಾಜನಿಗೆ ಬೇಕಾಗಿದ್ದದ್ದೂ ಅದೇ ಅನ್ನಿ. ಬೆಳಿಗ್ಗೆ ತನ್ನ ಹಾರ್ಡ್‌ವೇರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು, ತಿರುಗಿಯೂ ನೋಡದೆ ಜೇಬಿನೊಳಗಿದ್ದ ರಿಮೋಟಿನ ಗುಂಡಿ ಒತ್ತುತ್ತಿದ್ದ. ಕಾರು ಕುಯ್ಕ್ ಅಂತ ಕೂಗಿ ನಾಲ್ಕೂ ಬಾಗಿಲ ಲಾಕು ಹಾಕಿಕೊಳ್ಳುತ್ತಿತ್ತು. ಎದುರಂಗಡಿಯವರು ತಲೆ ಎತ್ತದಿದ್ದರೆ ಮತ್ತೊಮ್ಮೆ ಕುಯ್ಕ್ ಅನ್ನಿಸುತ್ತಿದ್ದ. ಹೊಸ ಕಾರು ಕೊಂಡವನಿಗೆ ಕೆಲವು ದಿನ ನಾಚಿಕೆ ಅನ್ನುವುದು ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ದಾವಣಗೆರೆ ಜಿಲ್ಲೆಯಾಗಿ ಒಂದು ವರ್ಷ ತುಂಬಿದ್ದ ಕಾಲ ಅದು. ಊರಲ್ಲಿ ಕಾರುಗಳು ಹೆಚ್ಚುತ್ತಿದ್ದವು, ರಿಮೋಟು ಮಾತ್ರ ಇನ್ನೂ ಟೀವಿಯವರ ಸೊತ್ತಾಗಿತ್ತು. ಕರಿಬಸವರಾಜ ತನ್ನ ತಿಳಿನೀಲಿ ಕಾರಿಗೆ ಪಿ.ಬಿ. ರಸ್ತೆಯ ಒಬ್ಬನ ಹತ್ತಿರ ಬೆಂಗಳೂರಿನ ಸಾಮಾನು ತರಿಸಿ ಹಾಕಿಸಿದ್ದ. ಒಂದು ಗುಂಡಿ ಒತ್ತಿದರೆ ಬಾಗಿಲು ತೆರೆಯಬೇಕು, ಇನ್ನೊಂದು ಒತ್ತಿದರೆ ಒಳಗೆ ಯಾರೂ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗಬೇಕು. "ಗೇರಿನಾಗೆ ನಿಲ್ಲಿಸಿ ಈ ಗುಂಡಿ ಒತ್ತಬ್ಯಾಡ್ರಿ" ಅಂತ ಜೋಡಿಸಿದವನು ಹೇಳಿದ್ದ. ಹೇಳಿದ ಮಾತು ಕೇಳಿದರೆ ಅವನು ಕರಿಬಸವರಾಜ ಹೇಗಾದಾನು? ಮೊದಲ ವಾರದಲ್ಲೇ ಕಾರು ಯಜಮಾನನಿಲ್ಲದೆ ಒಂದು ನೆಗೆತ ನೆಗೆದು, ಅಂಗಡಿ ಮುಂದೆ ಪೇರಿಸಿದ್ದ ಬಕೆಟ್ಟುಗಳನ್ನೆಲ್ಲ ರಸ್ತೆಗೆ ಉರುಳಿಸಿತು.

"ಅದಕ್ಕೂ ನನ್ನ ವ್ಯಾಪಾರದ ಮ್ಯಾಲೆ ಕಣ್ಣೈತೆ" ಅಂತ ನಗಾಡಿ ತೇಲಿಸಿಬಿಟ್ಟ.

ಆದರೆ ಬೀಗ ಮಾರುವವನಿಗೆ ಬೀಗದ ಮೇಲೆ ನಂಬಿಕೆ ಕಡಿಮೆ. ಯಾವ ಬೀಗವನ್ನಾದರೂ ತೆಗೆಯುವವನು ಒಬ್ಬ ಇರುತ್ತಾನೆ ಅಂತ ಅವನಿಗೆ ಗೊತ್ತು. ಹಾಗಾಗಿ ಜೋಡಿಸುವವನ ತಲೆ ತಿಂದು, ಗ್ಲಾಸಿನ ಸಂದಿಯಿಂದ ಪಟ್ಟಿ ತೂರಿಸಿ ಯಾರೂ ಲಾಕು ಎತ್ತದಂತೆ ನಾಲ್ಕೂ ಬಾಗಿಲೊಳಗೆ ತಗಡು ಹೊಡೆಸಿದ. ಅಷ್ಟು ಸಾಲದು ಅಂತ, "ನಾ ಮರ್ತು ಹೋದ್ರೂ ಅದು ಮರೀಬಾರ್ದು, ತಂತಾನೇ ಲಾಕ್ ಆಗ್ಬೇಕು" ಅಂದ. ಅದನ್ನೂ ಮಾಡಿಕೊಟ್ಟರು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಯಾರೂ ತೆರೆಯದೆ ಬಿಟ್ಟರೆ ಕಾರು ತಾನೇ ಕುಯ್ಕ್ ಅಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಇಷ್ಟೆಲ್ಲ ಆದರೂ ಅವನ ತಾಯಿ ದ್ರಾಕ್ಷಾಯಣಮ್ಮ ಆ ಕಾರು ಹತ್ತಿರಲಿಲ್ಲ. ತಂದ ದಿನ ದೇವರಾಜ ಅರಸು ಬಡಾವಣೆಯ ಮನೆ ಮುಂದೆ ನಿಂಬೆಹಣ್ಣು ತುಳಿಸಿದ್ದಾಗಿತ್ತು. ಅದು ಅವಳ ಲೆಕ್ಕದಲ್ಲಿ ಪೂಜೆಯೇ ಅಲ್ಲ. ಅವಳ ತವರು ಹರಿಹರದಾಚೆಯ ಸಾರಥಿ ಅನ್ನುವ ಹಳ್ಳಿ. ಅಲ್ಲಿನ ಮಠದ ಅಯ್ಯನವರ ಕೈಯಿಂದ ವಿಭೂತಿ ಬೀಳುವ ತನಕ ಅದು ಬರೀ ಕಬ್ಬಿಣ ಅಂತ ಹಟ ಹಿಡಿದಿದ್ದಳು.

"ಆತವ್ವ, ಸ್ವಾಮಾರ ಹೋಗಾಣ" ಅಂದ ಮಗ. ತವರಿನ ಜನಕ್ಕೂ ಕುಯ್ಕ್ ಕೇಳಿಸಬಹುದಲ್ಲ ಅನ್ನುವ ಆಸೆ ಅವನಿಗೂ ಇತ್ತು.

ಆ ಸೋಮವಾರ ದ್ರಾಕ್ಷಾಯಣಮ್ಮ ಎಂದಿನಂತೆ ನಸುಕಿಗೇ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದಳು. ಮಾತ್ರೆಯ ಹಿಂದೆಯೇ ಹೊಟ್ಟೆಗೆ ಏನಾದರೂ ಬೀಳಬೇಕು, ಇಲ್ಲದಿದ್ದರೆ ಮೈಯಲ್ಲಿನ ಸಕ್ಕರೆ ಪೂರಾ ಇಳಿದು ಜೀವಕ್ಕೇ ಬಂದೀತು ಅಂತ ಡಾಕ್ಟರು ಮೂರು ಮೂರು ಸಲ ಹೇಳಿದ್ದರು. ಸೊಸೆ ನಿರ್ಮಲಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತರೆ, "ತವರಾಗೆ ಮಂಡಕ್ಕಿ ಒಗ್ಗರಣೆ ಹಾಕಿರ್ತಾರೆ, ಅಲ್ಲೇ ತಿಂತೀನಿ ಬಿಡವ್ವ. ಗಾಡಿ ಹತ್ತಿದ್ರೆ ಎಷ್ಟೊತ್ತು?" ಅಂತ ತಟ್ಟೆ ಸರಿಸಿದಳು.

ಕರಿಬಸವರಾಜ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ. ಬೆಲ್ಟು ಹಾಕುವ ಕಾಯಿದೆ ಆಗ ಯಾರೂ ಕೇಳುತ್ತಿರಲಿಲ್ಲ. ಹೊಸ ಕಾರಿನಲ್ಲಿ ಏನೇನಿದೆಯೋ ಅಷ್ಟನ್ನೂ ಅವ್ವನಿಗೆ ತೋರಿಸಬೇಕಿತ್ತು ಅವನಿಗೆ. ಹರಿಹರದಲ್ಲಿ ಹೊಳೆಯ ಸೇತುವೆ ಕಂಡಾಗ ಅವ್ವ ಕೈ ಮುಗಿದು ಕಣ್ಣು ಮುಚ್ಚಿಕೊಂಡಳು, ಅದು ಹಿಂದೆ ಸರಿಯುವ ತನಕ ತೆರೆಯಲಿಲ್ಲ. ಅದು ಯಾಕೆ ಅಂತ ಮಗನಿಗೆ ಗೊತ್ತು.

ಸಾರಥಿಯಲ್ಲಿ ದ್ರಾಕ್ಷಾಯಣಮ್ಮನ ಅಣ್ಣನ ಮಗ ಬಕ್ಕೇಶ್ ಮನೆ ಮುಂದೆ ನೀರು ಹೊಡೆಸಿ ರಂಗೋಲಿ ಹಾಕಿಸಿದ್ದ. ಅಯ್ಯನವರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಕರಿಬಸವರಾಜ ಬಗ್ಗಿ ಅವ್ವನ ಬೆಲ್ಟು ಬಿಚ್ಚಿದ. ಬೆಲ್ಟು ಸರ್ರನೆ ಮೇಲಕ್ಕೆ ಎಳೆದುಕೊಳ್ಳುವಾಗ ಅವಳ ಕೊರಳ ಶಿವದಾರಕ್ಕೆ ಸಿಕ್ಕಿ, ಹಳೇ ದಾರ ಪಟ್ಟನೆ ಹರಿಯಿತು. ಎದೆಯ ಮೇಲೆ ತೂಗುತ್ತಿದ್ದ ಬೆಳ್ಳಿ ಕರಡಿಗೆ ಮಡಿಲಿಗೆ ಬಿತ್ತು.

ಆ ಕರಡಿಗೆಯೊಳಗೆ ಇರುವುದು ಗುರು ಕೊಟ್ಟ ಇಷ್ಟಲಿಂಗ. ಲಿಂಗ ಮೈಮೇಲಿಲ್ಲದೆ ಒಂದು ಗುಟುಕು ನೀರನ್ನೂ ಮುಟ್ಟದ ಹೆಂಗಸು ಅವಳು. ಹಿಂದೊಮ್ಮೆ ಆಪರೇಷನ್ನಿಗೆ ಒಳಗೆ ಒಯ್ಯುವಾಗ ನರ್ಸು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಸಿದ್ದಳು. ಲಿಂಗ ಬಿಚ್ಚು ಅಂದದ್ದೇ ತಡ ದ್ರಾಕ್ಷಾಯಣಮ್ಮ ಎದ್ದು ಮನೆಗೆ ಹೊರಟಿದ್ದಳು. ಕೊನೆಗೆ ದೊಡ್ಡ ಡಾಕ್ಟರೇ ಬಂದು ಕರಡಿಗೆಯನ್ನು ಅವಳ ತೋಳಿಗೆ ಬಟ್ಟೆಯಲ್ಲಿ ಕಟ್ಟಿಸಿ ಒಳಗೆ ಕರೆದುಕೊಂಡಿದ್ದರು.

"ಅಯ್ಯೋ ಶಿವನೇ" ಅಂತ ಕರಡಿಗೆಯನ್ನು ಕಣ್ಣಿಗೊತ್ತಿ ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. "ಪೂಜಿ ಮುಗೀಲಿ, ಹೊಸ ದಾರ ಪೋಣಿಸ್ಕೊಂತೀನಿ."

ಅಯ್ಯನವರು ಸಾವಕಾಶದ ಮನುಷ್ಯರು, ಆದರೆ ಶಾಸ್ತ್ರದ ವಿಷಯದಲ್ಲಿ ಒಂದು ಕಡ್ಡಿಯನ್ನೂ ಬಿಡುವವರಲ್ಲ. "ಗಾಡಿಗೆ ಸೇರಿದ್ದು ಏನೇನೈತೆ ಎಲ್ಲಾ ತಟ್ಟ್ಯಾಗೆ ಇಡ್ರಿ. ಒಂದು ಹೊರಗೆ ಉಳಿದ್ರೂ ಪೂಜೆ ಅರ್ಧ ಆದಂಗೆ" ಅಂದರು. ಕರಿಬಸವರಾಜ ತನ್ನ ರಿಮೋಟು, ಬೀಗದ ಕೈ ಇಟ್ಟ. ನಿರ್ಮಲಮ್ಮ ತನ್ನ ವ್ಯಾನಿಟಿ ಬ್ಯಾಗಿನಿಂದ ಇನ್ನೊಂದು ರಿಮೋಟು, ಇನ್ನೊಂದು ಬೀಗದ ಕೈ ತೆಗೆದಿಟ್ಟಳು. ಆಯುಧಪೂಜೆಯಲ್ಲಿ ಅಂಗಡಿಯ ಹರಕು ಸ್ಕ್ರೂಡ್ರೈವರನ್ನೂ ಬಿಡದೆ ಪೂಜಿಸಿದ ಮನೆ ಅದು. ಒಂದನ್ನು ಹೊರಗೆ ಉಳಿಸಿಕೊಳ್ಳೋಣ ಅನ್ನುವ ಯೋಚನೆ ಯಾರ ತಲೆಗೂ ಬರಲಿಲ್ಲ. ಹೊಲದ ಕಡೆಯಿಂದ ಗಾಳಿ ಬೀಸಿ ವಿಭೂತಿ ಹಾರುತ್ತಿತ್ತು ಅಂತ ಅಯ್ಯನವರು ತಟ್ಟೆಯನ್ನು ಡ್ರೈವರ್ ಸೀಟಿನ ಮೇಲೆ ಇಡಿಸಿ ಅಲ್ಲೇ ಹೂವು ಏರಿಸಿದರು.

ಮಂಗಳಾರತಿ ಆಯಿತು. ಉಳಿದದ್ದು ಕುಂಬಳಕಾಯಿ ನಿವಾಳಿಸುವುದು.

"ಮನೀಗೆ ಹಿರೇರು ನೀವು, ನೀವೇ ನಿವಾಳಿಸ್ರಿ ತಾಯಿ" ಅಂದರು ಅಯ್ಯನವರು.

ಕುಂಬಳಕಾಯಿ ದೊಡ್ಡದಿತ್ತು, ಎರಡೂ ಕೈ ಬೇಕು. ದ್ರಾಕ್ಷಾಯಣಮ್ಮ ಕೈಯಲ್ಲಿದ್ದ ಕರಡಿಗೆಯನ್ನು ನೋಡಿದಳು. ಇನ್ನೊಬ್ಬರ ಕೈಗೆ ಕೊಡುವ ವಸ್ತುವಲ್ಲ ಅದು. ಸೊಂಟಕ್ಕೆ ಸಿಕ್ಕಿಸಿದರೆ ಮೈಲಿಗೆ. ದೇವರ ತಟ್ಟೆಗಿಂತ ಒಳ್ಳೆಯ ಜಾಗ ಎಲ್ಲಿದೆ ಅಂದುಕೊಂಡು, ಹೂವು ವಿಭೂತಿಯ ನಡುವೆ ಮೆಲ್ಲಗೆ ಇಟ್ಟಳು.

"ಬಾಗಿಲು ಮುಚ್ರಪ್ಪ. ನಿವಾಳಿಸೋ ಹೊತ್ತಿಗೆ ತೆರೆದಿದ್ರೆ ದೃಷ್ಟಿ ಒಳಗೆ ಹೊಕ್ಕಂತೈತೆ" ಅಂದರು ಅಯ್ಯನವರು. ಬಕ್ಕೇಶ್ ನಾಲ್ಕೂ ಬಾಗಿಲನ್ನು ಢಬ್ ಢಬ್ ಅಂತ ಮುಚ್ಚಿದ. ದ್ರಾಕ್ಷಾಯಣಮ್ಮ ಕುಂಬಳಕಾಯಿ ಹಿಡಿದು ಮೆಲ್ಲಗೆ ಕಾರಿನ ಸುತ್ತ ಬಂದಳು. ಮಗನಿಗೆ, ಗಾಡಿಗೆ, ಹಾದಿಗೆ, ಹೊಳೆಗೆ ಅಂತ ಏನೇನೋ ಬೇಡಿಕೊಂಡಳು. ಕಾಯಿ ನೆಲಕ್ಕೆ ಬಿದ್ದು ಒಡೆದು ಕುಂಕುಮದ ನೀರು ಚೆಲ್ಲಿತು.

ಕುಯ್ಕ್ ಅಂದಿತು ಕಾರು. ನಾಲ್ಕೂ ಲಾಕು ಟಕ್ಕನೆ ಕೆಳಗಿಳಿದವು.

"ಏನ್ ಭಾವ, ಪೂಜೆ ಮುಗಿಯೋದ್ರೊಳಗೇ ನಿಮ್ಮ ಆಟ ಶುರು ಆತಾ?" ಅಂತ ಬಕ್ಕೇಶ್ ನಕ್ಕ. ನೆರೆದವರೂ ನಕ್ಕರು. ಕರಿಬಸವರಾಜ ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಕರ್ಚೀಫು ಬಿಟ್ಟರೆ ಏನೂ ಇರಲಿಲ್ಲ. ಗ್ಲಾಸಿಗೆ ಮುಖ ಹಚ್ಚಿ ನೋಡಿದರೆ ಎರಡು ರಿಮೋಟು, ಎರಡು ಬೀಗದ ಕೈ, ಅವ್ವನ ಕರಡಿಗೆ ಎಲ್ಲ ಒಂದೇ ತಟ್ಟೆಯಲ್ಲಿ ಹೂವು ಹೊದ್ದು ತಣ್ಣಗೆ ಕೂತಿದ್ದವು.

ನಾಲ್ಕೂ ಬಾಗಿಲ ಹಿಡಿಕೆ ಎಳೆದು ನೋಡಿದ, ಒಂದೂ ಬರಲಿಲ್ಲ. ಆದರೂ ಸಾವ್ಕಾರ ಸಾವ್ಕಾರನೇ. "ಏನಿಲ್ಲ, ಒಂದು ಫೋನ್ ಮಾಡಿದ್ರೆ ಆತು" ಅಂತ ಬಕ್ಕೇಶನ ಮನೆಯೊಳಗೆ ಹೋಗಿ ಪಿ.ಬಿ. ರಸ್ತೆಯವನಿಗೆ ಫೋನು ಹಚ್ಚಿದ.

"ಇನ್ನೊಂದು ರಿಮೋಟ್ ಐತಲ್ರಿ ಸಾರ್?" ಅಂದ ಅವನು.

"ಅದೂ ಒಳಗೈತೆ."

"ಬೀಗದ ಕೈ?"

"ಎರಡೂ ಒಳಗೇ."

"ಬ್ಯಾಟರಿ ಕಡೆಯಿಂದ ಏನಾದ್ರೂ ಮಾಡಾಣ ಅಂದ್ರೆ ಬಾನೆಟ್ ತೆಗಿಯೋ ಹಿಡಿಕೆನೂ ಒಳಗೇ ಐತೆ. ಯಾವ ದಾರೀನೂ ಇರಬಾರ್ದು ಅಂತ ನೀವೇ ಕುಂತು ಮಾಡಿಸಿದ್ರಲ್ರಿ ಸಾರ್. ನಾನೇ ಬಂದ್ರೂ ತೆಗಿಯಾಕ ಆಗಲ್ಲ."

ಕರಿಬಸವರಾಜ ಫೋನು ಇಟ್ಟು ಹೊರಗೆ ಬಂದಾಗ ಬಕ್ಕೇಶನ ಹೆಂಡತಿ ಮಂಡಕ್ಕಿ, ಚಹಾ ತಂದು ಎಲ್ಲರಿಗೂ ಕೊಡುತ್ತಿದ್ದಳು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಮುಂದಿನ ತಟ್ಟೆ ಹಾಗೇ ಇತ್ತು.

"ತಿನ್ರಿ ಅತ್ತಿ" ಅಂದ ಬಕ್ಕೇಶ್.

"ಲಿಂಗ ಮೈಮ್ಯಾಲೆ ಬರ್ಲಿ, ತಿಂತೀನಿ. ನನಗೇನು ಅವಸರ."

ನಿರ್ಮಲಮ್ಮನ ಮುಖ ಬಿಳಿಚಿಕೊಂಡಿತು. ಅವಳು ಗಂಡನ ಹತ್ತಿರ ಬಂದು ಮೆಲ್ಲಗೆ, "ಮಾತ್ರಿ ನುಂಗ್ಯಾರ್ರಿ ಅವರು. ಹೊಟ್ಟೀಗೆ ಏನೂ ಬಿದ್ದಿಲ್ಲ" ಅಂದಳು. ಕಾರಿನ ಚಿಂತೆಯಲ್ಲಿ ಕರಿಬಸವರಾಜ ಅದನ್ನು ಮರೆತೇ ಬಿಟ್ಟಿದ್ದ.

ಗುತ್ತೂರಿನ ಫ್ಯಾಕ್ಟರಿ ಹತ್ತಿರ ಹಿದಾಯತ್ ಅಂತ ಒಬ್ಬ ಗಾಡಿ ವೈರಿಂಗ್ ಮಾಡುವವನಿದ್ದ, ಡೂಪ್ಲಿಕೇಟ್ ಚಾವಿಯನ್ನೂ ಮಾಡುತ್ತಿದ್ದ. ಅವನನ್ನು ಕರೆತರಲು ಬಕ್ಕೇಶ್ ಬೈಕು ಹತ್ತಿ ಹೋದ. ಅವನು ಬರುವ ತನಕ ಊರವರು ಒಬ್ಬೊಬ್ಬರೂ ತಮ್ಮ ಬುದ್ಧಿ ಉಪಯೋಗಿಸಿದರು. ಒಬ್ಬ ಕಾರನ್ನು ಅಲ್ಲಾಡಿಸಿದ. ಕಾರು ಊರು ಹಾರಿಹೋಗುವಂತೆ ಸೈರನ್ ಹೊಡೆಯಿತು. ಎದುರು ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಪಕ್ಕದ ಮನೆಯ ಮುದುಕ ಅಜ್ಜಪ್ಪ ಬೀಡಿ ಹಚ್ಚಿ, "ನಮ್ಮ ಎತ್ತಿನ ಬಂಡಿಗೆ ಬಾಗಿಲೇ ಇದ್ದಿದ್ದಿಲ್ಲ ನೋಡ್ರಿ ಸಾವ್ಕಾರ್ರೆ. ಏನ್ ಸುಖವಾಗಿದ್ವಿ!" ಅಂದ. ಬೇರೆ ದಿನವಾಗಿದ್ದರೆ ಕರಿಬಸವರಾಜ ತಿರುಗಿ ಒಂದು ಮಾತು ಕೊಡುತ್ತಿದ್ದ. ಈಗ ಗ್ಲಾಸಿಗೆ ಮುಖ ಹಚ್ಚಿ ಮತ್ತೊಮ್ಮೆ ಒಳಗೆ ನೋಡಿದ.

ಅಯ್ಯನವರಿಗೂ ವಿಷಯ ತಿಳಿಯಿತು. ಅವರು ದ್ರಾಕ್ಷಾಯಣಮ್ಮನ ಪಕ್ಕ ಕೂತು, "ತಾಯಿ, ಆಪತ್ತಿನ ಹೊತ್ತು ಇದು. ಒಂದಿಷ್ಟು ಬೆಲ್ಲ ಬಾಯಿಗೆ ಹಾಕ್ಕಳ್ರಿ. ದೋಷ ಇದ್ರೆ ನನಗಿರ್ಲಿ" ಅಂದರು.

"ನಿಮ್ಮ ದೋಷ ನಿಮಗೇ ಬೇಕಾದಷ್ಟೈತೆ, ನಂದ್ಯಾಕ ಹೊತ್ಕಂತೀರಿ?" ಅಂದಳು ಅವ್ವ. ಜನ ನಕ್ಕರು, ಅಯ್ಯನವರೂ ನಕ್ಕರು. ಆದರೆ ಅವಳ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ನೆರಳಿನಲ್ಲಿ ಕೂತವಳಿಗೆ, ಗಾಳಿ ಬೀಸುವಾಗ, ಎಲ್ಲಿಂದ ಬಂತು ಬೆವರು?

"ಗ್ಲಾಸ್ ಒಡೀರಿ" ಅಂದಳು ನಿರ್ಮಲಮ್ಮ.

ಈ ಮಾತು ಕಟ್ಟೆಗೂ ಕೇಳಿಸಿತು. ಅವ್ವ ಕೂತಲ್ಲಿಂದಲೇ ಕೈ ಎತ್ತಿದಳು. "ಯಾರಾದ್ರೂ ಗ್ಲಾಸಿಗೆ ಕೈ ಹಚ್ಚೀರಿ, ಜ್ವಾಕಿ! ಪೂಜಿ ದಿನ ಗಾಡಿ ಗ್ಲಾಸು ಒಡೀಬಾರ್ದು. ಒಂದ್ಸಲ ನೋಡೀನಿ ನಾನು. ಇನ್ನೊಂದ್ಸಲ ನೋಡಲ್ಲ."

ಅವಳು ನೋಡಿದ್ದು ಏನು ಅಂತ ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಕರಿಬಸವರಾಜನ ಅಪ್ಪ ಹಿಂದೆ ಒಂದು ಲಾರಿ ತಂದಿದ್ದ. ಪೂಜೆಯ ದಿನ ಯಾರೋ ಜೋರಾಗಿ ಒಡೆದ ತೆಂಗಿನಕಾಯಿಯ ಚೂರು ಹಾರಿ ಮುಂದಿನ ಗ್ಲಾಸಿಗೆ ಬಡಿದು, ಗ್ಲಾಸು ಮೂಲೆಯಿಂದ ಮೂಲೆಗೆ ಸೀಳಿತ್ತು. ಆ ವರ್ಷ ಮುಗಿಯುವುದರೊಳಗೆ ಹರಿಹರದ ಸೇತುವೆಯ ಮೇಲೆ ಆ ಲಾರಿಯಲ್ಲೇ ಅವನು ಹೋದ. ಲಾರಿಗೂ ಗ್ಲಾಸಿಗೂ ಸಾವಿಗೂ ಏನು ಸಂಬಂಧ ಅಂತ ಓದಿದವರು ಕೇಳಬಹುದು. ಗಂಡನನ್ನು ಕಳಕೊಂಡವಳ ಎದುರು ನಿಂತು ಕೇಳುವ ಧೈರ್ಯ ಯಾರಿಗಿದೆ?

ಇಲ್ಲೊಂದು ಮಾತು ಹೇಳಲೇಬೇಕು. ಅವ್ವ ಬೇಡ ಅಂದಾಗ ಕರಿಬಸವರಾಜನಿಗೆ ಒಳಗೊಳಗೇ ಹಾಯೆನಿಸಿತು. ಹೊಸ ಕಾರು, ಇನ್ನೂ ಸೀಟಿನ ಪ್ಲಾಸ್ಟಿಕ್ಕು ಬಿಚ್ಚಿಲ್ಲ. ಊರ ಜನದ ಎದುರು ತನ್ನ ಕಾರಿನ ಗ್ಲಾಸು ತಾನೇ ಒಡೆದ ಬೀಗದಂಗಡಿಯವನು ಅಂತ ಮಂಡಿಪೇಟೆಯ ತುಂಬ ನಗೆಪಾಟಲಾಗುವುದು ಅವನ ಕಣ್ಣ ಮುಂದೆ ಬಂದಿತ್ತು. ಈಗ ಅವ್ವನೇ ಬೇಡ ಅಂದಮೇಲೆ ತಾನೇನು ಮಾಡಲಿ? ತಾಯಿಯ ಮಾತು ಮೀರಲಾದೀತೇ? ಹೀಗೆ ತನಗೆ ತಾನೇ ಹೇಳಿಕೊಂಡು, ಬೈಕಿನ ಸದ್ದು ಬರುವ ದಾರಿ ಕಾಯುತ್ತ ನಿಂತ. ಮನುಷ್ಯ ಕೆಟ್ಟವನಲ್ಲ. ಕಾರು ಹೊಸದು, ಅಷ್ಟೇ.

ಹಿದಾಯತ್ ಬಂದ. ಚೀಲದಿಂದ ಚಾವಿಗಳ ದೊಡ್ಡ ಗೊಂಚಲು ತೆಗೆದು ಒಂದೊಂದನ್ನೇ ಬಾಗಿಲ ತೂತಿಗೆ ಹಾಕಿ ತಿರುಗಿಸಿದ. ಯಾವುದೂ ಕೂರಲಿಲ್ಲ. ಉಕ್ಕಿನ ಪಟ್ಟಿಯನ್ನು ಗ್ಲಾಸಿನ ರಬ್ಬರಿನ ಸಂದಿಗೆ ಇಳಿಸಿದ. ಸ್ವಲ್ಪ ಇಳಿದು ಠಣ್ ಅಂತ ನಿಂತಿತು. ಇನ್ನೊಂದು ಬಾಗಿಲಿಗೆ ಹೋದ, ಅಲ್ಲೂ ಠಣ್. ಕಾರು ಮತ್ತೆ ಸೈರನ್ ಹೊಡೆಯಿತು. ಹಿದಾಯತ್ ಕಿವಿ ಮುಚ್ಚಿಕೊಂಡು, "ಯಾ ಅಲ್ಲಾ! ಇದರೊಳಗೆ ತಗಡು ಹೊಡೆಸಿದೋನು ಯಾವ ಪುಣ್ಯಾತ್ಮ್ರಿ?" ಅಂತ ಕೂಗಿದ.

"ನಾನೇ" ಅಂದ ಕರಿಬಸವರಾಜ.

ಸೈರನ್ ನಿಂತಮೇಲೆ ಹಿದಾಯತ್ ಪಟ್ಟಿಯನ್ನು ಚೀಲಕ್ಕೆ ಸೇರಿಸಿದ. "ನನ್ನ ಕೈಲಿ ಆಗಲ್ಲ ಸಾವ್ಕಾರ್ರೆ. ಒಂದು ಗ್ಲಾಸ್ ಹೋಗ್ಲಿ ಅಂತ ಬಿಡ್ರಿ. ಹಿಂದಿನ ಬಾಗಲ್ದು ಒಡದ್ರೆ ಕೈ ಹಾಕಿ ತೆಗಿಬೌದು."

"ಅವ್ವ ಬ್ಯಾಡ ಅಂತಾಳೆ" ಅಂದ ಕರಿಬಸವರಾಜ.

ಆಗ ಕಟ್ಟೆಯಿಂದ ಅವ್ವನ ದನಿ ಬಂತು. "ರೀ, ಸೇತುವಿ ಮ್ಯಾಲೆ ಹುಷಾರಾಗಿ ಹೋಗ್ರಿ. ಬಸಣ್ಣನ್ನ ಕರ್ಕಂಡು ಹೋಗಬ್ಯಾಡ್ರಿ, ಅವನಿಗೆ ಸಾಲಿ ಐತೆ" ಅಂದಳು.

ಬಸಣ್ಣ ಅಂದರೆ ಅವಳ ಬಾಯಲ್ಲಿ ಕರಿಬಸವರಾಜನೇ, ಈಗ ಅವಳು ನೋಡುತ್ತಿದ್ದುದೂ ಅವನನ್ನೇ. ಕರೆದದ್ದು ಮಾತ್ರ ಎಂದೋ ತೀರಿಹೋದ ಗಂಡನನ್ನು. ಅವಳ ತುಟಿ ನಡುಗುತ್ತಿತ್ತು, ಕೈಯೂ ನಡುಗುತ್ತಿತ್ತು, ಕುಪ್ಪಸ ಬೆವರಿಗೆ ಮೈಗಂಟಿತ್ತು. ನಿರ್ಮಲಮ್ಮ ಸಕ್ಕರೆ ಕದಡಿದ ನೀರಿನ ಲೋಟ ಹಿಡಿದು ಅವಳ ಪಕ್ಕ ಮಂಡಿಯೂರಿ ಕೂತಿದ್ದಳು. ಲೋಟ ತುಟಿಗೆ ತಾಗಿದೊಡನೆ ಅವ್ವ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದಳು. ಯಾರ ಎದುರು ಕೂತಿದ್ದೇನೆ ಅನ್ನುವುದನ್ನು ಮರೆತವಳಿಗೂ ಲಿಂಗವಿಲ್ಲ ಅನ್ನುವುದು ಮರೆತಿರಲಿಲ್ಲ.

ನಿರ್ಮಲಮ್ಮ ಲೋಟ ಕೆಳಗಿಟ್ಟು ಎದ್ದು ಬಂದಳು. ಮದುವೆಯಾದಾಗಿನಿಂದ ನಾಲ್ಕು ಜನರ ಎದುರು ಗಂಡನ ಮೇಲೆ ದನಿ ಎತ್ತದವಳು ಅವಳು.

"ಅವರು ಬ್ಯಾಡ ಅಂದ್ರು ಅಂತ ನಿಂತೀರೋ, ಕಾರು ಹಾಳಾಗ್ತೈತೆ ಅಂತ ನಿಂತೀರೋ? ನನ್ನ ಮಾರಿ ನೋಡಿ ಹೇಳ್ರಿ!"

ಕರಿಬಸವರಾಜನಿಗೆ ಅವಳ ಮುಖ ನೋಡಲಾಗಲಿಲ್ಲ. ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಅವನು ಸರಸರನೆ ಬಕ್ಕೇಶನ ಅಡುಗೆಮನೆಗೆ ನುಗ್ಗಿ, ಖಾರ ಅರೆಯುವ ಗುಂಡುಕಲ್ಲು ಎತ್ತಿಕೊಂಡು ಬಂದು ಕಾರಿನ ಹಿಂದಿನ ಬಾಗಿಲ ಎದುರು ನಿಂತ.

ಕಲ್ಲು ಕಂಡದ್ದೇ ಅವ್ವನಿಗೆ ಅದೆಲ್ಲಿಂದ ಎಚ್ಚರ ಬಂತೋ. "ಬಸಣ್ಣಾ! ಬ್ಯಾಡೋ!" ಅಂತ ಎದ್ದೇಬಿಟ್ಟಳು. ಬಕ್ಕೇಶ್ ಹಿಡಿಯಲು ಹೋದರೆ ಅವನ ಕೈ ಕೊಡವಿದಳು. ತೂರಾಡುತ್ತ, ಒಡೆದ ಕುಂಬಳಕಾಯಿಯ ಮೇಲೆ ಕಾಲಿಟ್ಟು ಜಾರುತ್ತ, ಮಗನ ತನಕ ಬಂದು ಅವನ ಮುಂಗೈ ಹಿಡಿದಳು.

"ಬಿಡವ್ವ. ಈ ಗ್ಲಾಸ್ ಹೋಗ್ಲಿ, ಕಾರೇ ಹೋಗ್ಲಿ. ನೀ ಮೊದ್ಲು ನೀರು ಕುಡಿ."

"ಒಡೀದೇ ಬಿಡಲ್ಲೇನು?"

"ಬಿಡಲ್ಲ."

ಅವ್ವ ಅವನ ಮುಖವನ್ನು ನೋಡಿದಳು. ಈ ಮುಖದಲ್ಲಿ ಆ ಹಟ ಅವಳಿಗೆ ಹೊಸದಲ್ಲ, ತನ್ನಿಂದಲೇ ಹೋದದ್ದು.

"ಹಂಗಾದ್ರೆ ಕಲ್ಲು ನನಗೆ ಕೊಡು. ನಾನು ಒಡೀತೀನಿ."

"ನೀನಾ?"

"ಗ್ಲಾಸಿನ ಕೇಡು ಒಡೆದೋರಿಗೆ ತಗಲ್ತೈತೆ, ಕೂತೋರಿಗಲ್ಲ. ನಿನಗೆ ಬ್ಯಾಡ. ನಾನು ಎಲ್ಲಾ ಉಂಡೋಳು, ನನಗೆ ಬರ್ಲಿ. ಕೇಳು ಬೇಕಾದ್ರೆ ಅಯ್ಯನೋರ್ನ."

ಕರಿಬಸವರಾಜ ಇಂಥ ಶಾಸ್ತ್ರವನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಯ್ಯನವರೂ ಕೇಳಿರಲಿಲ್ಲ, ಅದು ಅವರ ಮುಖದ ಮೇಲೇ ಬರೆದಿತ್ತು. ಶಾಸ್ತ್ರದಲ್ಲಿ ಕಡ್ಡಿಯನ್ನೂ ಬಿಡದ ಆ ಮನುಷ್ಯ ಎರಡು ಸಲ ಗಂಟಲು ಸರಿಮಾಡಿಕೊಂಡು, "ಹೌದಪ್ಪ. ಹಂಗೇ ಐತೆ" ಅಂದರು.

ಮಗ ಕಲ್ಲು ಕೊಟ್ಟ. ಅವಳ ಕೈ ಭಾರಕ್ಕೆ ಕೆಳಗೆ ಹೋಯಿತು. ಎತ್ತಿದಳು, ಅರ್ಧಕ್ಕೆ ನಿಂತಿತು. ಮತ್ತೆ ಎತ್ತಿದಳು, ಕಲ್ಲು ಗ್ಲಾಸಿಗೆ ಮುಟ್ಟಿತು ಅಷ್ಟೇ, ಗ್ಲಾಸು ಅಲ್ಲಾಡಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಕರಿಬಸವರಾಜ ಹಿಂದಿನಿಂದ ಬಂದು ಅವಳ ಎರಡೂ ಕೈಗಳ ಸುತ್ತ ತನ್ನ ಕೈ ಇಟ್ಟ. ಅವಳ ಬೆರಳುಗಳು ಐಸಿನಂತೆ ತಣ್ಣಗಿದ್ದವು.

"ಎತ್ತಿ ಕೊಡು ಅಷ್ಟೇ. ಹೊಡೆಯೋ ಹೊತ್ತಿಗೆ ಕೈ ಬಿಟ್ಬಿಡಬೇಕು ನೀನು" ಅಂದಳು.

"ಆತು."

"ಬಿಡಬೇಕು ನೋಡು."

"ಆತವ್ವ, ಬಿಡ್ತೀನಿ."

ಕಲ್ಲು ಮೇಲೆ ಹೋಯಿತು, ಬಿತ್ತು. ಗ್ಲಾಸು ಒಂದೇ ಏಟಿಗೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಉದುರಿತು. ಸೈರನ್ ಹೊಡೆದುಕೊಂಡಿತು. ಬಕ್ಕೇಶ್ ಅವ್ವನನ್ನು ಹಿಡಿದುಕೊಂಡ. ಕರಿಬಸವರಾಜ ಎಡಗೈ ಒಳಗೆ ಹಾಕಿ ಲಾಕು ಎತ್ತಿ, ಮುಂದಿನ ಸೀಟಿನತ್ತ ಬಾಗಿ, ಸೈರನ್ ಬಂದು ಮಾಡುವುದನ್ನೂ ಮರೆತು ತಟ್ಟೆಯನ್ನು ಇದ್ದಹಾಗೆಯೇ ಹೊರಗೆ ತಂದ. ಅವ್ವ ಹೂವಿನೊಳಗಿಂದ ಕರಡಿಗೆ ಎತ್ತಿಕೊಂಡಳು. ಆಮೇಲೆ ಹಿದಾಯತನೇ ರಿಮೋಟು ಹುಡುಕಿ ಗುಂಡಿ ಒತ್ತಿದ. ಊರು ನಿಶ್ಶಬ್ದವಾಯಿತು.

ಕಟ್ಟೆಯ ಮೇಲೆ ಬಕ್ಕೇಶನ ಹೆಂಡತಿ ಹೊಸ ದಾರ ಪೋಣಿಸಿ ಕೊಟ್ಟಳು. ದ್ರಾಕ್ಷಾಯಣಮ್ಮ ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ತುಂಬ ನೋಡಿ, ಮತ್ತೆ ಮುಚ್ಚಿ ಕೊರಳಿಗೆ ಹಾಕಿಕೊಂಡಳು. ನಿರ್ಮಲಮ್ಮ ಲೋಟ ಮುಂದೆ ಹಿಡಿದಳು. ಇನ್ನೇನು ಕುಡಿಯುತ್ತಾಳೆ ಅನ್ನುವಾಗ ಅವ್ವ ಲೋಟವನ್ನು ಕೈಯಿಂದ ತಡೆದು ಮಗನ ಕಡೆ ತಿರುಗಿದಳು.

"ಕೈ ಬಿಟ್ಟಿದ್ಯೇನೋ?"

ಕರಿಬಸವರಾಜ ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡಿದ್ದ. ಅಂಗೈಯಲ್ಲಿ ಗ್ಲಾಸಿನ ಹರಳು ಕೂತು ರಕ್ತ ಬೆರಳ ತುದಿಗೆ ಇಳಿಯುತ್ತಿತ್ತು.

"ಬಿಟ್ಟಿದ್ದೆ ಅವ್ವ. ನೀನೊಬ್ಬಳೇ ಒಡೆದದ್ದು."

"ನಿನ್ನ ಲಿಂಗ ಮುಟ್ಟಿ ಹೇಳು."

ಸುತ್ತ ನಿಂತವರೆಲ್ಲ ನೋಡಿದ್ದರು, ಕಲ್ಲು ಬೀಳುವ ತನಕ ಆ ನಾಲ್ಕು ಕೈಗಳೂ ಒಟ್ಟಿಗೇ ಇದ್ದವು. ಅಯ್ಯನವರು ಹೊಲದ ಕಡೆ ಮುಖ ತಿರುಗಿಸಿಕೊಂಡರು. ನಿರ್ಮಲಮ್ಮ ಗಂಡನ ಪಕ್ಕಕ್ಕೆ ಸರಿದು, ಅವನ ಬೆನ್ನ ಹಿಂದಿನ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದಳು.

ಕರಿಬಸವರಾಜ ಎಡಗೈಯನ್ನು ಅಂಗಿಯೊಳಗೆ ಹಾಕಿ, ತನ್ನೆದೆಯ ಮೇಲಿನ ಕರಡಿಗೆಯನ್ನು ಮುಟ್ಟಿದ.

"ಲಿಂಗದಾಣಿಗೂ ಬಿಟ್ಟಿದ್ದೆ ಅವ್ವ" ಅಂದ.

ಅವ್ವ ಲೋಟ ಇಸಿದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯನ್ನೂ ಬಿಡದೆ ಕುಡಿದಳು.